ಹಸಿರಾಗಿದ್ದರೆ ಎಳೆಯದು ಅಂತಲ್ಲ

ಟೊಮೇಟೊ ಗಿಡಕ್ಕೆ ಕೋಲು ಕಟ್ಟಲು ಬಗ್ಗಿದಾಗ ಮೊದಲು ಕಣ್ಣಿಗೆ ಬೀಳುವುದು ಬುಡದ ಎಲೆ. ತುದಿಯಲ್ಲಿ ಹೂ, ನಡುವೆ ಕಾಯಿ, ಕೆಳಗೆ ಹಳದಿ. ಗೊಬ್ಬರ ಸಾಲದಾಯಿತೇನೋ ಅಂತ ಮನಸ್ಸು ಅಳುಕುತ್ತದೆ. ಒಮ್ಮೊಮ್ಮೆ ಅದು ನಿಜವೂ ಹೌದು. ಆದರೆ ಒಂದೆರಡು ಎಲೆ ಮಾತ್ರ ಹೀಗಾಗಿ, ಮೇಲೆಲ್ಲ ಗಿಡ ಚೆನ್ನಾಗಿದ್ದರೆ, ಅದು ಬಹುಶಃ ಬರೀ ವಯಸ್ಸು.

ಆ ಎಲೆಯನ್ನು ಗಿಡ ಈಗ ಖಾಲಿ ಮಾಡುತ್ತಿದೆ. ಎಲೆಯ ಸಾರಜನಕದ ಬಹುಪಾಲು ಇರುವುದು ಬೆಳಕು ಹಿಡಿದು ಸಕ್ಕರೆ ಮಾಡುವ ಪ್ರೋಟೀನುಗಳಲ್ಲಿ. ಮೇಲಿನವುಗಳ ನೆರಳಿಗೆ ಬಿದ್ದ ಹಳೇ ಎಲೆಗೆ ದುಡಿಮೆ ಕಡಿಮೆ. ಗಿಡ ಆ ಪ್ರೋಟೀನುಗಳನ್ನು ಬಿಡಿಸಿ, ಸಾರಜನಕವನ್ನು ಎಳೆ ಎಲೆಗೂ ಕಾಯಿಗೂ ಸಾಗಿಸುತ್ತದೆ. (ತುದಿಯ ಎಲೆಯೇ ಹಳದಿಯಾದರೆ ಕಥೆ ಬೇರೆ. ಅಲ್ಲಿ ಕಬ್ಬಿಣದ ಕೊರತೆ ಇರಬಹುದು, ಯಾಕೆಂದರೆ ಹಳೇ ಎಲೆಯ ಕಬ್ಬಿಣವನ್ನು ಮೇಲಕ್ಕೆ ತರುವುದು ಗಿಡಕ್ಕೆ ಕಷ್ಟ.)

ಈ ಕೆಲಸದಲ್ಲಿ ಒಂದು ಅಪಾಯವಿದೆ. ಹಸಿರು ಕೊಡುವ ಪತ್ರಹರಿತ್ತು ಪ್ರೋಟೀನಿಗೆ ಅಂಟಿಕೊಂಡಿರುವಷ್ಟು ಕಾಲ ಸಾಧು. ಬಿಡಿಸಿ ಸುಮ್ನೆ ಬಿಟ್ಟರೆ, ಬಿಸಿಲು ಬಿದ್ದಾಗ ಜೀವಕೋಶವನ್ನೇ ಹಾಳು ಮಾಡುತ್ತದೆ. ಅದಕ್ಕೇ ಗಿಡ ಅದರ ನಡುವಿನ ಮೆಗ್ನೀಸಿಯಂ ಕಿತ್ತು, ಅಣುವಿನ ಉಂಗುರ ಒಡೆದು, ಬಣ್ಣವಿಲ್ಲದ ಚೂರು ಮಾಡಿ ಕೋಶದೊಳಗಿನ ರಸದ ಚೀಲದಲ್ಲಿ ತುಂಬಿಡುತ್ತದೆ. ಎಷ್ಟು ಎಚ್ಚರದ ಕೆಲಸ, ಅಲ್ವಾ? ಆಮೇಲೆ ಕಾಣುವ ಹಳದಿ ಮೊದಲಿನಿಂದಲೂ ಅಲ್ಲೇ ಇದ್ದ ಕ್ಯಾರೊಟಿನಾಯ್ಡ್ ಎಂಬ ಬಣ್ಣಗಳದ್ದು. ಹಣ್ಣಿನ ಕೆಂಪು ಹಾಗಲ್ಲ. ಆ ಲೈಕೊಪೀನ್ ಅನ್ನು ಹಣ್ಣು ಹೊಸದಾಗಿ ತಯಾರಿಸಿಕೊಳ್ಳುತ್ತದೆ.

ಎಲ್ಲ ತಳಿಗೂ ಒಂದೇ ಲೆಕ್ಕವಿಲ್ಲ. ಒಂದು ಎತ್ತರಕ್ಕೆ ನಿಂತು ಒಟ್ಟಿಗೆ ಕಾಯಿ ಬಿಡುವ ತಳಿಗಳಲ್ಲಿ ಸಾಮಾನ್ಯವಾಗಿ ಎಲೆಗಳಿಗೂ ಒಟ್ಟಿಗೇ ವಯಸ್ಸಾಗುತ್ತದೆ. ತುದಿ ಬೆಳೆಯುತ್ತಲೇ ಇರುವ ತಳಿಗಳಲ್ಲಿ ಕೆಳಗಿನಿಂದ ಒಂದೊಂದಾಗಿ ಹಳದಿಯಾಗುತ್ತವೆ.

ನನಗೆ ಬಹಳ ಇಷ್ಟವಾದದ್ದು ಮೂರನೆಯ ಬಗೆ. ಚೆರೋಕಿ ಪರ್ಪಲ್‌ನಂಥ ತಳಿಯ ಹಣ್ಣು ಕೊಯ್ದು ನೋಡಿ. ತಿರುಳು ಕಂದುಗೆಂಪು, ಬೀಜದ ಸುತ್ತಲಿನ ಲೋಳೆಯಲ್ಲಿ ಇನ್ನೂ ಹಸಿರು. ಹಣ್ಣು ಪೂರ್ತಿ ಮಾಗಿದೆ, ಆದರೆ ಪತ್ರಹರಿತ್ತು ಹೋಗಿಲ್ಲ. ಅದನ್ನು ಒಡೆಯಲು ಬೇಕಾದ ಒಂದು ಜೀನ್ ಕೆಟ್ಟಿದೆ. ಆನುವಂಶಿಕತೆಯ ನಿಯಮಗಳನ್ನು ಕಂಡುಕೊಂಡ ಮೆಂಡೆಲ್ 1866ರಲ್ಲಿ ಬರೆದ ಹಸಿರು ಬಟಾಣಿಯಲ್ಲೂ ಕೆಟ್ಟಿದ್ದು ಇದೇ ಬಗೆಯ ಜೀನ್ ಎಂದು 2007ರಲ್ಲಿ ತಿಳಿಯಿತು. ಈ ಜೀನ್ ಕೆಟ್ಟ ಟೊಮೇಟೊ ಗಿಡದ ಎಲೆಯೂ ಬೇಗ ಹಳದಿಯಾಗುವುದಿಲ್ಲ. ನೋಡಿದರೆ ಹರೆಯ. ಒಳಗೆ ಸಕ್ಕರೆ ಮಾಡುವ ಕೆಲಸ ಮಾತ್ರ ಬೇರೆ ಹಳೇ ಎಲೆಗಳ ಹಾಗೆಯೇ ಇಳಿದಿರುತ್ತದೆ.

ಅದರಿಂದಲೇ ತಳಿಗಳನ್ನು ಹೋಲಿಸುವಾಗ ಬಣ್ಣವನ್ನಷ್ಟೇ ನಂಬುವುದು ಸರಿಯಲ್ಲ ಅನ್ನುತ್ತೇನೆ. ಸ್ಪಾಡ್ ಮೀಟರ್ ಎಂಬ ಪುಟ್ಟ ಉಪಕರಣವಿದೆ. ಎಲೆಯನ್ನು ಅದರ ಬಾಯಿಗೆ ಕೊಟ್ಟು ಒತ್ತಿದರೆ ಹಸಿರು ಎಷ್ಟಿದೆ ಎಂದು ಒಂದು ಸಂಖ್ಯೆ ಬರುತ್ತದೆ. ಈ ಗಿಡದ ಮುದಿ ಎಲೆಗೆ ಅದು ಜಾಸ್ತಿಯೇ ತೋರಿಸುತ್ತದೆ. ಎಲೆ ನಿಜಕ್ಕೂ ದುಡಿಯುತ್ತಿದೆಯೇ ಎಂದು ತಿಳಿಯಲು ಅದು ಗಾಳಿಯಿಂದ ಎಷ್ಟು ಇಂಗಾಲದ ಡೈಆಕ್ಸೈಡ್ ಎಳೆದುಕೊಳ್ಳುತ್ತಿದೆ ಎಂದು ಅಳೆಯಬೇಕು.