ಬಂಗಾಳದಿಂದ ಕೇಪ್‌ಗೆ: ಆಂಜೆಲಾಳ ವಂಶದ ಜಾಡು ಸಿಕ್ಕಿದ್ದು ಹೇಗೆ?

ದಕ್ಷಿಣ ಆಫ್ರಿಕಾದ ಬಾಸನ್, ಬೆರ್ಗ್ ಮನೆತನಗಳವರು ತಮ್ಮ ವಂಶಾವಳಿಯ ಜಾಡು ಹಿಡಿದು ಹಿಂದೆ ಹಿಂದೆ ಹೋದರೆ ಕೊನೆಗೆ ಒಬ್ಬ ಭಾರತೀಯ ಹೆಂಗಸಿನ ಎದುರು ಬಂದು ನಿಲ್ಲುತ್ತಾರೆ. ಡಚ್ಚರ ಕಡತಗಳಲ್ಲಿ ಆಕೆ ಆಂಜೆಲಾ ಫಾನ್ ಬೆಂಗಾಲೆ, ಅಂದರೆ ಬಂಗಾಳದ ಆಂಜೆಲಾ. ಬೇರೆ ಕಾಗದಗಳಲ್ಲಿ ಆನ್ಸೆಲಾ, ಆನ್ಸೀಲಾ ಎಂದೂ ಇದೆ. ಬಂದಿದ್ದು ಗುಲಾಮಳಾಗಿ, ಸತ್ತಿದ್ದು ಕೇಪ್ ಟೌನಿನ ಅನುಕೂಲಸ್ಥ ಗೃಹಿಣಿಯಾಗಿ. ಬಿಳಿಯರೆಂದು ಬದುಕಿದ ಸಾವಿರಾರು ಕುಟುಂಬಗಳಿಗೆ ಆಕೆ ಮೂಲ ಅಜ್ಜಿ ಎಂಬ ಮಾತು ಬಹಳ ಕಾಲ ಹೊರಗೆ ಬರಲೇ ಇಲ್ಲ.

ಡಚ್ ಈಸ್ಟ್ ಇಂಡಿಯಾ ಕಂಪನಿಯ ಪರವಾಗಿ ಯಾನ್ ಫಾನ್ ರೀಬೀಕ್ ಆಫ್ರಿಕಾದ ದಕ್ಷಿಣ ತುದಿಯ ಕೇಪ್‌ನಲ್ಲಿ ನೆಲೆ ಹೂಡಿದ್ದು 1652ರಲ್ಲಿ. ಏಷ್ಯಾಕ್ಕೆ ಹೋಗಿಬರುವ ಹಡಗುಗಳಿಗೆ ನೀರು, ತರಕಾರಿ, ಮಾಂಸ ಒದಗಿಸುವುದಷ್ಟೇ ಆಗ ಅದರ ಕೆಲಸ. ದುಡಿಯುವ ಕೈ ಸಾಲದೆ ಗುಲಾಮರನ್ನು ತರಿಸತೊಡಗಿದರು. ಆ ದಿನಗಳಲ್ಲಿ ಬಂಗಾಳದ ನದೀಮುಖಗಳಲ್ಲಿ ಅರಾಕಾನಿನವರೂ (ಈಗಿನ ಮ್ಯಾನ್ಮಾರಿನ ಕರಾವಳಿಯವರು) ಅವರ ಜೊತೆಗೂಡಿದ ಪೋರ್ಚುಗೀಸರೂ ದೋಣಿಗಳಲ್ಲಿ ಬಂದು ಹಳ್ಳಿಗಳ ಮೇಲೆ ಬೀಳುತ್ತಿದ್ದರು. ಹಿಡಿದ ಜನರನ್ನು ಮಾರುತ್ತಿದ್ದರು, ಡಚ್ಚರು ಕೊಳ್ಳುತ್ತಿದ್ದರು. ಮೊಘಲರು 1666ರಲ್ಲಿ ಚಿತ್ತಗಾಂಗ್ ಗೆದ್ದ ಮೇಲೆಯೇ ಈ ದಾಳಿಗಳು ತಗ್ಗಿದ್ದು. ಆಂಜೆಲಾ ಕೇಪ್‌ಗೆ ಬಂದದ್ದು 1657ರ ಸುಮಾರಿಗೆ. ಜೊತೆಯಲ್ಲಿ ಗಂಡ ಡೊಮಿಂಗೊ, ಮೂವರು ಮಕ್ಕಳು. ಎರಡೂ ಪೋರ್ಚುಗೀಸ್ ಬಗೆಯ ಹೆಸರುಗಳು. ಹೆತ್ತವರು ಆಕೆಯನ್ನು ಏನೆಂದು ಕರೆಯುತ್ತಿದ್ದರೋ, ಅದನ್ನು ಯಾರೂ ಬರೆದಿಡಲಿಲ್ಲ.

ಆಕೆಯನ್ನು ಕೊಂಡವನು ಸ್ವತಃ ಫಾನ್ ರೀಬೀಕ್. ಆತ 1662ರಲ್ಲಿ ಕೇಪ್ ಬಿಟ್ಟು ಹೊರಟಾಗ ಅಬ್ರಹಾಂ ಗಬೆಮಾ ಎಂಬ ಅಧಿಕಾರಿಗೆ ಮಾರಿದ. ಗಬೆಮಾ 1666ರಲ್ಲಿ ಬಟಾವಿಯಾಕ್ಕೆ (ಈಗಿನ ಜಕಾರ್ತ) ಹೊರಡುವ ಮುಂಚೆ ಆಕೆಗೂ ಮಕ್ಕಳಿಗೂ ಬಿಡುಗಡೆ ಬರೆದುಕೊಟ್ಟ. ಮರುವರ್ಷ ಟೇಬಲ್ ಕಣಿವೆಯಲ್ಲಿ ಆಕೆಯ ಹೆಸರಿಗೆ ಒಂದು ನಿವೇಶನ ಬಂತು. 1668ರಲ್ಲಿ ಕ್ರೈಸ್ತ ದೀಕ್ಷಾಸ್ನಾನ, 1669ರಲ್ಲಿ ಜರ್ಮನಿಯ ವೆಸೆಲ್ ಊರಿನ ಆರ್ನಾಲ್ಡಸ್ ಬಾಸನ್ ಜೊತೆ ಮದುವೆ. ಬಾಸನ್ ತೀರಿಕೊಂಡ ಮೇಲೆ ವ್ಯವಹಾರವನ್ನೆಲ್ಲ ತಾನೇ ನಡೆಸಿದಳು. 1720ರಲ್ಲಿ ಆಕೆ ಸತ್ತಾಗ ಹಂಚಿಕೆಗೆ ಉಳಿದ ಆಸ್ತಿ ಡಚ್ ನಾಣ್ಯದಲ್ಲಿ 14 ಸಾವಿರ ಗಿಲ್ಡರ್‌ಗೂ ಮಿಕ್ಕಿತ್ತು. ಗುಲಾಮಳಾಗಿದ್ದವಳ ಮನೆಯಲ್ಲೂ ಮುಂದೆ ಗುಲಾಮರಿದ್ದರು. ಓದುವಾಗ ಮನಸ್ಸು ಭಾರವಾಗುತ್ತದೆ, ಆದರೆ ವಂಶದ ಚರಿತ್ರೆ ಬರೆಯುವವರು ಇದನ್ನು ಬಿಟ್ಟು ಮುಂದೆ ಹೋಗಬಾರದು.

ಇಷ್ಟೆಲ್ಲ ಗೊತ್ತಾಗಿದ್ದು ಹೇಗೆ? ಆಂಜೆಲಾ ಕಾಗದಪತ್ರ ಬರೆದಿಟ್ಟವಳಲ್ಲ. ಆಕೆಯನ್ನು ಉಳಿಸಿದ್ದು ಡಚ್ಚರ ಆಸ್ತಿಯ ಲೆಕ್ಕ. ಅವರ ಕಾನೂನಿನಲ್ಲಿ ಗಂಡುಮಕ್ಕಳಿಗೂ ಹೆಣ್ಣುಮಕ್ಕಳಿಗೂ ಸಮಪಾಲು. ಅಪ್ರಾಪ್ತ ವಾರಸುದಾರರ ಪಾಲು ಕಾಯಲು ಕೇಪ್‌ನಲ್ಲಿ ಅನಾಥರ ಹಿತ ನೋಡುವ ಒಂದು ಕಚೇರಿಯೇ ಇತ್ತು. ಸಾವು ಸಂಭವಿಸಿದರೆ ಅಲ್ಲಿಯವರು ಮನೆಗೆ ಬಂದು ಕೋಣೆಯಿಂದ ಕೋಣೆಗೆ ನಡೆಯುತ್ತ ಪಟ್ಟಿ ಮಾಡುತ್ತಿದ್ದರು. ಹಜಾರದಲ್ಲಿ ಏನಿದೆ, ಬಲಗಡೆಯ ಕೋಣೆಯಲ್ಲಿ ಏನಿದೆ, ಅಡುಗೆಮನೆಯಲ್ಲಿ ಎಷ್ಟು ಪಾತ್ರೆ, ಹಿಂದಿನ ಕೊಟ್ಟಿಗೆಯಲ್ಲಿ ಎಷ್ಟು ದನ. ಕುರ್ಚಿ, ಮಂಚಗಳ ಹಾಗೆಯೇ ಗುಲಾಮರನ್ನೂ ಹೆಸರು, ಊರು ಹಿಡಿದು ಅದೇ ಪಟ್ಟಿಗೆ ಸೇರಿಸುತ್ತಿದ್ದರು. ವಾರಸುದಾರರ ಸಾಲಿನಲ್ಲಿ ಮಗಳು, ಅಳಿಯ, ಮೊಮ್ಮಗಳು ಎಲ್ಲರ ಹೆಸರೂ ಬರುತ್ತಿತ್ತು. ನಮ್ಮ ಎಷ್ಟೋ ಮನೆಗಳ ವಂಶಾವಳಿಗಳಲ್ಲಿ ಅಪ್ಪ, ಅಜ್ಜ, ಮುತ್ತಜ್ಜ ಸಿಗುತ್ತಾರೆ, ಮದುವೆಯಾಗಿ ಹೋದ ಹೆಣ್ಣುಮಕ್ಕಳ ಸಾಲು ಅಲ್ಲಿಗೇ ಕಡಿದುಹೋಗುತ್ತದೆ. ಹೆಣ್ಣಿಗೆ ಪಾಲು ಇದ್ದಲ್ಲಿ ಹೆಣ್ಣಿನ ಹೆಸರೂ ಉಳಿಯಿತು ಎನ್ನುವುದು ಕೇಪ್‌ನ ಈ ಕಡತಗಳಲ್ಲಿ ಕಣ್ಣಿಗೆ ಹೊಡೆದು ಕಾಣುತ್ತದೆ.

ಆ ಸಾಲು ಹಿಡಿದು ಹೋದರೆ ಮೊದಲು ಸಿಗುವವಳು ಮಗಳು ಆನ್ನಾ ಡೆ ಕೋನಿಂಗ್. ಸ್ವೀಡನ್ ಮೂಲದ ಸೇನಾಧಿಕಾರಿ ಊಲೊಫ್ ಬೆರ್ಗ್‌ನನ್ನು ಮದುವೆಯಾದವಳು. ಹೆಸರುವಾಸಿ ದ್ರಾಕ್ಷಿತೋಟ ಗ್ರೂಟ್ ಕಾನ್‌ಸ್ಟಾನ್ಷಿಯಾ 1716ರಲ್ಲಿ ಬೆರ್ಗ್ ಕೈಗೆ ಬಂತು. ಗುಲಾಮಳ ಮಗಳು ಕೇಪ್‌ನ ಅತಿ ದೊಡ್ಡ ಮನೆಯೊಂದರ ಯಜಮಾನಿಯಾದಳು.

ಮುಂದೆ ಕಾಲ ಬಿಗಿಯಾಗುತ್ತ ಹೋಯಿತು. ಮಲಬಾರಿನ ಸಸ್ಯಗಳ ಮಹಾಗ್ರಂಥ ಮಾಡಿಸಿದ ಕಂಪನಿಯ ಹಿರಿಯ ಅಧಿಕಾರಿ ಫಾನ್ ರೇಡೆಯೇ 1685ರಲ್ಲಿ ಕೇಪ್‌ಗೆ ಬಂದಾಗ, ಯುರೋಪಿನ ಗಂಡಸರು ಪೂರ್ಣ ಗುಲಾಮ ಮೂಲದ ಹೆಂಗಸರನ್ನು ಮದುವೆಯಾಗಕೂಡದು ಎಂದು ಆಜ್ಞೆ ಮಾಡಿದ. ಇಪ್ಪತ್ತನೆಯ ಶತಮಾನದಲ್ಲಿ, 1949ರಲ್ಲಿ ಮಿಶ್ರವಿವಾಹ ನಿಷೇಧ, 1950ರಲ್ಲಿ ಪ್ರತಿಯೊಬ್ಬರನ್ನೂ ಜನಾಂಗದ ಪಟ್ಟಿಗೆ ಸೇರಿಸುವ ಕಾಯಿದೆ ಬಂತು. ಯಾವ ಪಟ್ಟಿ ಎಂಬುದರ ಮೇಲೆ ಶಾಲೆ, ಬಡಾವಣೆ, ಮತದಾನ ಎಲ್ಲವೂ ನಿಂತಿತ್ತು. ಅಂಥ ಹೊತ್ತಿನಲ್ಲಿ ಗುಲಾಮ ಅಜ್ಜಿಯ ಸುದ್ದಿಯನ್ನು ಮಕ್ಕಳಿಗೆ ಯಾರು ಹೇಳುತ್ತಾರೆ? ಬಾಯಿಮಾತಿನ ಸರಪಳಿ ತುಂಡಾಯಿತು. ಚರ್ಚಿನ ದೀಕ್ಷಾಸ್ನಾನದ ಪುಸ್ತಕಗಳು ಮಾತ್ರ ಕಪಾಟಿನಲ್ಲಿ ಹಾಗೆಯೇ ಇದ್ದವು. ಅವುಗಳನ್ನು ಆಧರಿಸಿ 1971ರಲ್ಲಿ, ವರ್ಣಭೇದ ನೀತಿ ಜೋರಾಗಿದ್ದಾಗಲೇ, ಆಫ್ರಿಕಾನರ್ ಜನರ (ಕೇಪ್‌ನಲ್ಲಿ ನೆಲೆಸಿದ ಡಚ್ಚರು ಮೊದಲಾದ ಯುರೋಪಿನವರ ವಂಶಸ್ಥರು) ಪೂರ್ವಜರಲ್ಲಿ ಶೇ. 7ರಷ್ಟು ಯುರೋಪಿನ ಹೊರಗಿನವರು ಎಂದು ವಂಶಾವಳಿ ಸಂಶೋಧಕ ಜೆ. ಎ. ಹೀಸೆ ಲೆಕ್ಕ ಕೊಟ್ಟರು. ಆ ಕಾಲಕ್ಕೆ ಅದು ಎದೆಗಾರಿಕೆಯ ಕೆಲಸ.

ಡಿಎನ್‌ಎ ಪರೀಕ್ಷೆ ಬಂದ ಮೇಲೆ ಮುಚ್ಚಿಡುವುದಕ್ಕೆ ದಾರಿ ಉಳಿಯಲಿಲ್ಲ. 77 ಆಫ್ರಿಕಾನರ್‌ಗಳ ಮೇಲೆ ನಡೆದು 2020ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಯುರೋಪಿನ ಹೊರಗಿನ ಪಾಲು ಸರಾಸರಿ ಶೇ. 4.7, ಅದರಲ್ಲಿ ದಕ್ಷಿಣ ಏಷ್ಯಾದ್ದೇ ಶೇ. 1.7 ಎಂದು ಬಂತು. ಇದು ಆಂಜೆಲಾ ಒಬ್ಬಳದಲ್ಲ. ಬಂಗಾಳ, ಮಲಬಾರ್, ಕೋರಮಂಡಲಗಳಿಂದ ಹೋದ ಅನೇಕ ಹೆಂಗಸರದು. ತಾಯಿಯಿಂದ ಮಗಳಿಗೆ ಇಳಿದುಬರುವ ಮೈಟೊಕಾಂಡ್ರಿಯದ (ಜೀವಕೋಶದೊಳಗಿನ ಒಂದು ಭಾಗ) ಡಿಎನ್‌ಎ ಗುರುತು ಹಿಡಿದು, ತಮ್ಮ ತಾಯಿಯ ತಾಯಿಯ ತಾಯಿ ಎಲ್ಲಿಯವಳು ಎಂದು ಕೇಳುವವರು ಈಗ ಅಲ್ಲಿ ಬಹಳ.

ಕೇಪ್‌ನ ಕಡೆಯಿಂದ ನೋಡಿದರೆ ಈ ಹುಡುಕಾಟ ಬಹುಪಾಲು ಮುಗಿದಿದೆ. ಬಂಗಾಳದ ಕಡೆಯಿಂದ ಶುರುವೇ ಆಗಿಲ್ಲ. ‘ಫಾನ್ ಬೆಂಗಾಲೆ’ ಎಂಬುದು ಹಳ್ಳಿಯನ್ನು ಹೇಳುವುದಿಲ್ಲ, ಯಾವ ಸೀಮೆಯ ಮಾಲು ಎಂದಷ್ಟೇ ಹೇಳುತ್ತದೆ. ಹೇಗ್ ನಗರದ ಪತ್ರಾಗಾರದಲ್ಲಿ ಕಂಪನಿಯ ಕಡತಗಳು ಒಂದು ಕಿಲೋಮೀಟರಿಗೂ ಉದ್ದ ಜೋಡಿಸಿ ಇಟ್ಟಿವೆ. ಆದರೆ ಬಂಗಾಳ ಕೊಲ್ಲಿಯಲ್ಲಿ ಜನರನ್ನು ಕೊಳ್ಳುವಾಗ ಗುಮಾಸ್ತರಿಗೆ ಬೇಕಾಗಿದ್ದುದು ತಲೆ ಎಷ್ಟು, ಬೆಲೆ ಎಷ್ಟು ಎಂಬ ಲೆಕ್ಕ. ಹೆಸರು ಕೇಳುವ ಪದ್ಧತಿ ಶುರುವಾಗುತ್ತಿದ್ದುದು ಮಾರಾಟದ ಪತ್ರ ಬರೆಯುವಾಗ.