ಟೊಂಕದ ಲಟಿಗೆ

ತೊಗರಿ ಸುಗ್ಗಿ ಮುಗಿಯುವ ಹೊತ್ತಿಗೆ ಕಲಬುರಗಿ ಗಂಜಿನಲ್ಲಿ ಹಮಾಲಿ ಮಾಡುವ ನನ್ನ ಸೋದರಮಾವನ ಟೊಂಕ ಹಿಡಿಯುವುದು ವರ್ಷವರ್ಷದ ಕತೆ. ಈ ಸಲ ಗೋಡೆ ಹಿಡಿದುಕೊಂಡೇ ಒಳಗೆ ಬಂದವನು ಮೊಬೈಲನ್ನು ನನ್ನ ಮೂಗಿನ ಮುಂದೆ ಹಿಡಿದ. ಬಿಳಿ ಕೋಟಿನವನೊಬ್ಬ ಮಗ್ಗುಲಾಗಿ ಮಲಗಿದವನ ಭುಜವನ್ನು ಆಚೆ, ಸೊಂಟವನ್ನು ಈಚೆ ಒತ್ತಿ ಗಕ್ಕನೆ ತಿರುವುತ್ತಾನೆ. ಲಟಲಟ ಸದ್ದು. ಈ ಚಿಕಿತ್ಸೆಗೆ ಕೈರೋಪ್ರಾಕ್ಟಿಕ್ ಎಂದು ಹೆಸರು. ಚೆನ್ನಾಗಿ ಕೇಳಲೆಂದು ಬೆನ್ನಿಗೆ ಮೈಕು ಬೇರೆ ಇಟ್ಟಿದ್ದರು.

“ನೋಡ್ ಅಳಿಯಾ, ಸರದ ಎಲುಬು ಹ್ಯಾಂಗ ಜಾಗಾಕ ಕುಂತದ! ಹೈದ್ರಾಬಾದಿಗಿ ಹೋಗಿ ಮಾಡಸ್ಕೊಂಡು ಬರ್ಲೇನು?”

ಎಲುಬು ಎಲ್ಲಿಗೂ ಸರಿದಿರಲಿಲ್ಲ, ಹಾಗಾಗಿ ಕೂರುವ ಪ್ರಶ್ನೆಯೂ ಇರಲಿಲ್ಲ. ಅಜ್ಜಿ ನಮ್ಮ ದೃಷ್ಟಿ ತೆಗೆದು ತನ್ನ ಕಣತಲೆಗೆ ಬೆರಳೊತ್ತಿ ಲಟಿಗೆ ಮುರಿಯುತ್ತಿದ್ದಳಲ್ಲ, ಇದೂ ಅದೇ ಸದ್ದು. ಕೀಲಿನೊಳಗೆ ತತ್ತಿಯ ಲೋಳೆಯಂಥ ದ್ರವ ಇರುತ್ತದೆ. ಕೀಲನ್ನು ತಟಕ್ಕನೆ ಜಗ್ಗಿದಾಗ ಒಳಗಿನ ಒತ್ತಡ ಕುಸಿದು, ದ್ರವದಲ್ಲಿ ಕರಗಿದ್ದ ಅನಿಲ ಹೊರಬಂದು ಪೊಳ್ಳೊಂದು ಮೂಡುತ್ತದೆ. 2015ರಲ್ಲಿ ಕೆನಡಾದ ಆಲ್ಬರ್ಟಾ ವಿಶ್ವವಿದ್ಯಾಲಯದವರು ಎಂಆರ್‌ಐ ಯಂತ್ರದೊಳಗೆ ಬೆರಳು ಜಗ್ಗಿಸಿ, ಸದ್ದಾಗುವ ಗಳಿಗೆಯಲ್ಲೇ ಆ ಪೊಳ್ಳು ಮೂಡುವುದನ್ನು ಕಂಡರು. ಸದ್ದು ಜೋರಾದಷ್ಟೂ ಗುಣ ಹೆಚ್ಚು ಎಂಬುದೂ ಸುಳ್ಳು.

ಕೈರೋಪ್ರಾಕ್ಟಿಕ್‌ನವರ ‘ಸರಿದ ಎಲುಬಿನ’ ಮಾತು ಹುಟ್ಟಿದ್ದು ಅಮೆರಿಕದಲ್ಲಿ. 1895ರಲ್ಲಿ ಅಯೋವಾ ರಾಜ್ಯದ ಡೇವನ್‌ಪೋರ್ಟಿನಲ್ಲಿ ಡೇನಿಯಲ್ ಡೇವಿಡ್ ಪಾಮರ್ ಎಂಬಾತ ಹಾರ್ವೆ ಲಿಲ್ಲಾರ್ಡ್ ಎಂಬ ಕಿವುಡನ ಬೆನ್ನೆಲುಬು ಒತ್ತಿ ಕಿವಿ ಕೇಳಿಸಿದೆ ಎಂದು ಹೇಳಿಕೊಂಡ. ಕಿವಿಯ ನರ ನೆಟ್ಟಗೆ ಮಿದುಳಿಗೆ ಹೋಗುತ್ತದೆ, ಬೆನ್ನಿನ ದಾರಿ ಹಿಡಿಯುವುದೇ ಇಲ್ಲ. ಪಾಮರ್ ಅಷ್ಟಕ್ಕೇ ನಿಲ್ಲದೆ ನೂರಕ್ಕೆ 95 ರೋಗಗಳಿಗೆ ಸರಿದ ಬೆನ್ನೆಲುಬೇ ಮೂಲ ಎಂದ. ಆ ಮಾತಿಗೆ ಇವತ್ತಿಗೂ ಪುರಾವೆ ಇಲ್ಲ. ಕೈರೋಪ್ರಾಕ್ಟಿಕ್‌ನಿಂದ ಅಸ್ತಮಾ, ಸಕ್ಕರೆ ಕಾಯಿಲೆ ಹೋಗುತ್ತದೆ ಎನ್ನುವವರ ಬಾಗಿಲಿಂದ ಹಾಗೇ ತಿರುಗಿ ಬರುವುದು ಒಳ್ಳೆಯದು.

ಆದರೆ ಟೊಂಕದ ನೋವಿನ ಮಟ್ಟಿಗೆ ಇದನ್ನು ಪೂರಾ ತಳ್ಳಿಹಾಕಲೂ ಬರುವುದಿಲ್ಲ. ಬಹುದಿನದ ಸೊಂಟನೋವಿನ ಮೇಲೆ ನಡೆದ 47 ಪ್ರಯೋಗಗಳನ್ನು 2019ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಒಟ್ಟುಗೂಡಿಸಿ ನೋಡಿದ್ದರು. ಬೆನ್ನು ಒತ್ತಿ ತಿರುವುವ ಚಿಕಿತ್ಸೆಯ ಫಲ ವ್ಯಾಯಾಮದಂಥ ಶಿಫಾರಸಾದ ಉಪಾಯಗಳ ಫಲಕ್ಕೆ ಹೆಚ್ಚುಕಡಿಮೆ ಸಮ ಎಂದು ಕಂಡಿತು. ಅಂದರೆ ಸ್ವಲ್ಪ ಆರಾಮ ಸಿಗುತ್ತದೆ, ಪವಾಡವೇನಲ್ಲ. ವ್ಯಾಯಾಮಕ್ಕೆ ಹೈದರಾಬಾದಿನ ಬಸ್ ಚಾರ್ಜು ಬೇಕಿಲ್ಲ ಎಂಬುದು ನನ್ನ ಸೇರಿಕೆ.

ನಮ್ಮೂರಲ್ಲಿ ಕಾಲು ಮುಂದಾಗಿ ಹುಟ್ಟಿದ ಒಬ್ಬ ಮುದುಕಿ ಇದ್ದಳು. ಟೊಂಕ ಉಳುಕಿದವರು ಬೆಳಿಗ್ಗೆ ಆಕೆಯ ಹೊಸ್ತಿಲ ಹತ್ತಿರ ಬೋರಲು ಮಲಗಿದರೆ, ಸೆರಗು ಸಿಕ್ಕಿಸಿಕೊಂಡು ಮೂರು ಸಲ ಕಾಲಿಂದ ಒದೆಯುತ್ತಿದ್ದಳು. ಕಾಸು ಕೇಳುತ್ತಿರಲಿಲ್ಲ. ಬಹಳ ಮಂದಿಗೆ ಗುಣವಾಗುತ್ತಿತ್ತು! ಗುಟ್ಟು ಒದೆತದಲ್ಲಿರಲಿಲ್ಲ. ಹೊಸದಾಗಿ ಹಿಡಿದ ಟೊಂಕ ಬಹುತೇಕ ಕೆಲವು ವಾರಗಳಲ್ಲಿ ತಾನಾಗಿಯೇ ಬಿಡುತ್ತದೆ, ಮತ್ತು ನಾವು ಚಿಕಿತ್ಸೆಗೆ ಓಡುವುದು ನೋವು ನೆತ್ತಿಗೇರಿದಾಗ. ಅಲ್ಲಿಂದ ಅದು ಇಳಿಯಲೇಬೇಕು. ಇಳಿಯುವ ಹೊತ್ತಿಗೆ ಬೆನ್ನ ಮೇಲೆ ಯಾರ ಕೈಯೋ ಕಾಲೋ ಇತ್ತೋ, ಹೆಸರು ಅವರಿಗೆ. ಅದಕ್ಕೇ ಚಿಕಿತ್ಸೆಯೊಂದನ್ನು ಪರೀಕ್ಷಿಸುವಾಗ, ಹೋಲಿಸಿ ನೋಡಲು ಅದನ್ನು ಪಡೆಯದ ಇನ್ನೊಂದು ಗುಂಪು ಬೇಕಾಗುತ್ತದೆ.

ಕುತ್ತಿಗೆಯ ಮಾತು ಬೇರೆ. ಕುತ್ತಿಗೆಯ ಎಲುಬುಗಳ ತೂತುಗಳಲ್ಲಿ ಹಾದು ಮಿದುಳಿಗೆ ರಕ್ತ ಒಯ್ಯುವ ಧಮನಿಗಳಿವೆ. ಗಕ್ಕನೆ ತಿರುವಿದ ಮೇಲೆ ಅವುಗಳ ಒಳಪದರ ಸೀಳಿ ಲಕ್ವಾ ಹೊಡೆದ ಪ್ರಕರಣಗಳು, ಅಪರೂಪವಾದರೂ, ದಾಖಲಾಗಿವೆ. ಕಟಿಂಗ್ ಮುಗಿಸಿ ಕ್ಷೌರಿಕ ಕತ್ತು ತಿರುವಲು ಬಂದರೆ ನಾನಂತೂ ಎದ್ದುಬಿಡುತ್ತೇನೆ.

ಮಾಮಾನಿಗೆ ಒಂದೊಂದೇ ಕೇಳಿದೆ. ಕಾಲು ಸೋಲುತ್ತಿದೆಯೇ? ಉಚ್ಚೆಯ ಹಿಡಿತ ತಪ್ಪಿದೆಯೇ? ಕೂರುವ ಜಾಗ ಜೋಮು ಹಿಡಿದಿದೆಯೇ? ಜ್ವರ ಬರುತ್ತದೆಯೇ, ತೂಕ ಇಳಿದಿದೆಯೇ? ಬೆನ್ನೆಲುಬಿಗೂ ಕ್ಷಯ ತಗಲುತ್ತದೆ, ಅದನ್ನು ತಿರುವಲು ಹೋದರೆ ಅನಾಹುತ. ಇದರಲ್ಲಿ ಯಾವುದಿದ್ದರೂ ತಡಮಾಡದೆ ಆಸ್ಪತ್ರೆಗೆ ಹೋಗಬೇಕು. ಅವನಿಗೆ ಯಾವುದೂ ಇರಲಿಲ್ಲ. “ಹಾಸಿಗಿ ಹಿಡೀಬ್ಯಾಡ ಮಾಮಾ, ಅಡ್ಡಾಡು. ಚೀಲ ನಾಕ್ ದಿನ ಬಿಡು” ಎಂದೆ.

“ಚೀಲ ಬಿಟ್ರ ಹೊಟ್ಟಿಗಿ?” ಎಂದ. ಅದಕ್ಕೆ ನನ್ನ ಬಳಿ ಉತ್ತರವಿರಲಿಲ್ಲ.

ಹನ್ನೆರಡನೆಯ ದಿನ ಮತ್ತೆ ಗಂಜಿನಲ್ಲಿದ್ದ. ಅತ್ತಿ ತಿಕ್ಕಿದ ಔಡಲೆಣ್ಣೆಯಿಂದಲೇ ಟೊಂಕ ಬಿಟ್ಟಿತೆಂದು ಈಗ ಸಂಗಡಿಗರಿಗೆಲ್ಲ ಹೇಳಿಕೊಂಡು ತಿರುಗುತ್ತಿದ್ದಾನೆ.