ಹುಣಸೆಮರದ ಹತ್ತಿರ ನಿಲ್ಲುವ ಬೈಕು

ಹೋದ ವರ್ಷ 100 ಸಿಸಿಯ ಒಂದು ಸೆಕೆಂಡ್ ಹ್ಯಾಂಡ್ ಬೈಕ್ ತಗೊಂಡೆ. ನಂಬರ್ ಕೂಡಿದರೆ ಎಂಟು ಬರುತ್ತೆ, ಶನಿಯ ಸಂಖ್ಯೆ ಅಂತ ಯಾರೂ ಮುಟ್ಟಿರಲಿಲ್ಲ. ಎರಡು ಸಾವಿರ ಕಡಿಮೆಗೆ ಸಿಕ್ಕಿತು. ಶನಿಗೆ ಮನಸ್ಸಲ್ಲೇ ಥ್ಯಾಂಕ್ಸ್ ಹೇಳಿದೆ.

ಮೂರನೇ ದಿನ ಶುರುವಾಯಿತು ನೋಡಿ. ಮನೆಯಿಂದ ಆರು ಕಿಲೋಮೀಟರ್ ದೂರದಲ್ಲಿ ಒಂದು ದೊಡ್ಡ ಹುಣಸೆಮರ. ಅಲ್ಲಿಗೆ ಬರುವಷ್ಟರಲ್ಲಿ ಗಾಡಿ ಎರಡು ಸಲ ಮುಗ್ಗರಿಸಿ ಆಫ್. ಎಷ್ಟು ಕಿಕ್ ಹೊಡೆದರೂ ಏಳಲ್ಲ. ಹದಿನೈದು ನಿಮಿಷ ಬಿಟ್ಟು ಹೊಡೆದರೆ ಏನೂ ಆಗೇ ಇಲ್ಲವೇನೋ ಅನ್ನೋ ಹಾಗೆ ಸ್ಟಾರ್ಟ್. "ಆ ಮರ ಸರಿಯಿಲ್ಲ ಕಣಪ್ಪ, ನಿನ್ನ ಗಾಡಿ ನಂಬರೂ ಸರಿಯಿಲ್ಲ" ಅಂದರು ಎದುರುಮನೆ ಅಜ್ಜಿ. ಚಕ್ರಕ್ಕೆ ನಿಂಬೆಹಣ್ಣು ಕೊಡಬೇಕಂತೆ. ಮೆಕ್ಯಾನಿಕ್ ಪ್ಲಗ್ ಬದಲಾಯಿಸಿದ, ಏರ್ ಫಿಲ್ಟರ್ ಬದಲಾಯಿಸಿದ, ಕೊನೆಗೆ ಎಂಜಿನ್ನೇ ಬಿಚ್ಚೋಣ ಅಂದ. ನಿಜ ಹೇಳಬೇಕಂದ್ರೆ ಅಜ್ಜಿಯ ರಿಪೇರಿಯೇ ಅಗ್ಗ.

ಒಂದು ದಿನ ಆ ಮರದ ಕೆಳಗೇ, ಪೆಟ್ರೋಲ್ ಎಷ್ಟಿದೆ ನೋಡೋಣ ಅಂತ ಟ್ಯಾಂಕಿನ ಮುಚ್ಚಳ ತೆಗೆದೆ. 'ಹುಸ್' ಅಂತ ಸಣ್ಣ ಸದ್ದು. ಸೋಡಾ ಬಾಟಲಿ ತೆಗೆದಾಗ ಗಾಳಿ ಹೊರಗೆ ನುಗ್ಗುತ್ತಲ್ವಾ, ಇದು ಉಲ್ಟಾ. ಗಾಳಿ ಒಳಗೆ ಹೋಯಿತು. ಅರ್ಧ ನಿಮಿಷ ಬಿಟ್ಟು ಕಿಕ್ ಹೊಡೆದೆ. ಗಾಡಿ ಎದ್ದಿತು.

ಆ ಮುಚ್ಚಳದಲ್ಲಿ ಒಂದು ಸಣ್ಣ ತೂತು ಇರುತ್ತದೆ. ಪೆಟ್ರೋಲ್ ಇಳಿದಷ್ಟೂ ಆ ಜಾಗಕ್ಕೆ ಗಾಳಿ ಬರಬೇಕು. ಬರದಿದ್ದರೆ ಪೆಟ್ರೋಲೂ ಇಳಿಯುವುದಿಲ್ಲ. ಅಂಗಡಿಯವರು ಎಣ್ಣೆ ಡಬ್ಬಕ್ಕೆ ಎರಡು ತೂತು ಹೊಡೆಯುವುದು ಯಾಕೆ ಹೇಳಿ? ಒಂದು ಎಣ್ಣೆಗೆ, ಇನ್ನೊಂದು ಗಾಳಿಗೆ. ಬಕೆಟ್ ನೀರಿನಲ್ಲಿ ಚೊಂಬನ್ನು ಮುಳುಗಿಸಿ, ಬೋರಲು ಮಾಡಿ, ಮೇಲೆತ್ತಿ. ಅದರ ಬಾಯಿ ನೀರಲ್ಲಿರುವ ತನಕ ಒಳಗಿನ ನೀರು ಅಲ್ಲಾಡುವುದಿಲ್ಲ. ಎಳನೀರನ್ನು ಸ್ಟ್ರಾದಲ್ಲಿ ಕುಡಿಯುವಾಗ ನಾವೇ ಎಳೆಯುತ್ತೇವೆ ಅಂದುಕೊಂಡಿದ್ದೇವೆ. ನಾವು ಮಾಡುವುದು ಬಾಯೊಳಗಿನ ಒತ್ತಡ ಇಳಿಸುವುದಷ್ಟೇ, ಮೇಲಕ್ಕೆ ತಳ್ಳುವುದು ಹೊರಗಿನ ಗಾಳಿ. ಅನುಮಾನ ಇದ್ದರೆ ಸ್ಟ್ರಾ ಸುತ್ತಲಿನ ತೂತನ್ನು ಬೆರಳಿಂದ ಗಟ್ಟಿಯಾಗಿ ಮುಚ್ಚಿ ಹೀರಿ ನೋಡಿ. ಸ್ವಲ್ಪ ಹೊತ್ತಿಗೇ ಕೆನ್ನೆ ಒಳಗೆ ಹೋಗುತ್ತದೆ, ಎಳನೀರು ಬರುವುದಿಲ್ಲ. ಗಾಳಿಯ ಭಾರ ಪಾದರಸವನ್ನು ಸುಮಾರು 76 ಸೆಂಟಿಮೀಟರ್ ಎತ್ತಿ ಹಿಡಿಯುತ್ತದೆ ಅಂತ ಇಟಲಿಯ ಟೊರಿಚೆಲ್ಲಿ 1640ರ ದಶಕದಲ್ಲೇ ತೋರಿಸಿದ್ದ. ನಮ್ಮ ಮೆಕ್ಯಾನಿಕ್‌ಗೆ ಸುದ್ದಿ ಇನ್ನೂ ಮುಟ್ಟಿಲ್ಲ.

ಹಾಗಾದರೆ ಆರು ಕಿಲೋಮೀಟರೇ ಯಾಕೆ? ಇಲ್ಲೇ ಮಜಾ ಇರುವುದು. ಟ್ಯಾಂಕಿನ ಪೆಟ್ರೋಲು, ಅದನ್ನು ಗಾಳಿ ಜೊತೆ ಬೆರೆಸಿ ಎಂಜಿನ್ನಿಗೆ ಕೊಡುವ ಕಾರ್ಬೊರೇಟರಿಗಿಂತ ಹೆಚ್ಚೆಂದರೆ 20 ಸೆಂಟಿಮೀಟರ್ ಮೇಲಿರುತ್ತದೆ. ಆ ಎತ್ತರ ಕೊಡುವ ಒತ್ತಡ ವಾತಾವರಣದ ಒತ್ತಡದ ಶೇ 1.5ರಷ್ಟು, ಅಷ್ಟೇ. ಟ್ಯಾಂಕಿನೊಳಗಿನ ಗಾಳಿಯ ಒತ್ತಡ ಅಷ್ಟು ಕುಸಿದರೆ ಆಟ ಮುಗೀತು. ನಾನು ಇನ್ನೂರು ರೂಪಾಯಿ ಗಿರಾಕಿ, ಟ್ಯಾಂಕ್ ಯಾವಾಗಲೂ ಅರ್ಧ ಖಾಲಿ. ಒಳಗೆ 5 ಲೀಟರ್ ಗಾಳಿ ಇದ್ದರೆ ಅದರ ಶೇ 1.5 ಅಂದರೆ 75 ಮಿಲಿ. ಅಷ್ಟು ಪೆಟ್ರೋಲ್ ಇಳಿದ ಮೇಲೆ ನಲ್ಲಿ ಬಂದ್. ಲೀಟರಿಗೆ 60 ಕಿಲೋಮೀಟರಿನಂತೆ ನಾಲ್ಕೂವರೆ ಕಿಲೋಮೀಟರ್. ಕಾರ್ಬೊರೇಟರಿನ ಬಟ್ಟಲಲ್ಲಿ ಉಳಿದದ್ದರಲ್ಲಿ ಇನ್ನೊಂದೂವರೆ. ಹುಣಸೆಮರ ಬಂತು! ಪೆಟ್ರೋಲ್ ಆವಿ, ಮುಚ್ಚಳದ ವಾಷರಿನಲ್ಲಿ ನುಸುಳುವ ಗಾಳಿ ಎಲ್ಲ ಬಿಟ್ಟ ಒರಟು ಲೆಕ್ಕ ಇದು. ಒಮ್ಮೆ ಅಮಾವಾಸ್ಯೆ ದಿನ ಟ್ಯಾಂಕ್ ಫುಲ್ ಮಾಡಿಸಿದ್ದೆ. ಆವತ್ತು ಗಾಡಿ ಎರಡೇ ಕಿಲೋಮೀಟರಿಗೆ ನಿಂತಿತು. ಅಜ್ಜಿಗೆ ಅಮಾವಾಸ್ಯೆ ಕಂಡಿತು. ಒಳಗೆ ಗಾಳಿಗೆ ಜಾಗ ಕಡಿಮೆ ಇದ್ದದ್ದು ಯಾರಿಗೂ ಕಾಣಲಿಲ್ಲ, ನನಗೂ.

ನಿಂಬೆಹಣ್ಣೂ ಕೆಲಸ ಮಾಡುತ್ತದೆ, ಸುಳ್ಳಲ್ಲ. ಅದನ್ನು ತಂದು, ಕುಂಕುಮ ಹಚ್ಚಿ, ಚಕ್ರದ ಕೆಳಗೆ ಇಡುವಷ್ಟರಲ್ಲಿ ಕಾಲು ಗಂಟೆ ಆಗಿರುತ್ತೆ. ಗಾಳಿ ಅಲ್ಲಿಲ್ಲಿ ನುಸುಳಿ ಒಳಗೆ ಸೇರಿರುತ್ತೆ.

ಮುಚ್ಚಳ ಬಿಚ್ಚಿ ನೋಡಿದರೆ ತೂತಿನ ತುಂಬ ಕೆಮ್ಮಣ್ಣು, ಅದರ ಮೇಲೆ ಗಟ್ಟಿಯಾದ ಬಿಳಿ ಪಾಲಿಷ್. ಮಾರುವ ಮುಂಚೆ ಗಾಡಿಯನ್ನು ತಿಕ್ಕಿ ತಿಕ್ಕಿ ಹೊಳೆಸಿದ್ದರಲ್ಲ, ಅದರ ಫಲ. ಪಿನ್ನಿನಿಂದ ಕೆರೆದು, ಪಂಕ್ಚರ್ ಅಂಗಡಿಯಲ್ಲಿ ಗಾಳಿ ಹೊಡೆಸಿದೆ. ಖರ್ಚು ಹತ್ತು ರೂಪಾಯಿ.

ಈ ಪಿನ್ನಿಗೆ ದೊಡ್ಡ ಮನೆತನ ಇದೆ. 1888ರ ಆಗಸ್ಟಿನಲ್ಲಿ ಜರ್ಮನಿಯ ಬರ್ಥಾ ಬೆಂಜ್ ಗಂಡ ಕಾರ್ಲ್‌ಗೆ ಹೇಳದೆ, ಇಬ್ಬರು ಗಂಡುಮಕ್ಕಳನ್ನು ಕೂರಿಸಿಕೊಂಡು, ಅವನು ಮಾಡಿದ್ದ ಮೂರು ಚಕ್ರದ ಮೋಟಾರು ಗಾಡಿಯಲ್ಲಿ ಮಾನ್‌ಹೈಮ್‌ನಿಂದ ಫೋರ್ಟ್ಸ್‌ಹೈಮ್‌ಗೆ ಹೊರಟಳು. ಸುಮಾರು ನೂರು ಕಿಲೋಮೀಟರ್. ಇಂಧನ ಸಿಕ್ಕಿದ್ದು ದಾರಿಯಲ್ಲಿನ ಔಷಧಿ ಅಂಗಡಿಯಲ್ಲಿ. ಕೊಳವೆ ಕಟ್ಟಿಕೊಂಡಾಗ ಟೋಪಿಯ ಪಿನ್ ತೆಗೆದು ಚುಚ್ಚಿ ಬಿಡಿಸಿದಳಂತೆ.

ಆದರೆ ಕಾರ್ಬೊರೇಟರಿನ ಜೆಟ್‌ಗೆ, ಅಂದರೆ ಪೆಟ್ರೋಲ್ ಅಳೆದು ಬಿಡುವ ಸಣ್ಣ ತೂತಿನ ತುಂಡಿಗೆ, ಮಾತ್ರ ಪಿನ್ ಹಾಕಬೇಡಿ. ಸಿಗ್ನಲ್‌ನಲ್ಲಿ ಆಕ್ಸಿಲರೇಟರ್ ಬಿಟ್ಟ ಕೂಡಲೇ ಗಾಡಿ ಆಫ್ ಆಗುತ್ತಿದ್ದರೆ, ಆಗ ಪೆಟ್ರೋಲ್ ಕೊಡುವ ಪೈಲಟ್ ಜೆಟ್ ಕಟ್ಟಿರಬಹುದು. ಅದರ ತೂತು ಅರ್ಧ ಮಿಲಿಮೀಟರಿಗಿಂತ ಸಣ್ಣದು, ಲೋಹ ಮೆತ್ತನೆಯ ಹಿತ್ತಾಳೆ. ಉಕ್ಕಿನ ಪಿನ್ ತಿರುವಿದರೆ ಹಿಗ್ಗುತ್ತದೆ. ಅಡ್ಡಳತೆ ಶೇ 10 ಹಿಗ್ಗಿದರೆ ಪೆಟ್ರೋಲಿನ ದಾರಿ ಶೇ 21 ಅಗಲ. ಆಮೇಲೆ ಹೊಗೆ ಜಾಸ್ತಿ, ಮೈಲೇಜ್ ಕಮ್ಮಿ. ಕಾರ್ಬ್ ಕ್ಲೀನರ್ ಸ್ಪ್ರೇ ಹೊಡೆದು ಗಾಳಿ ಬಿಟ್ಟರೆ ಸಾಕು.

ನನ್ನ ಗಾಡಿಯ ಜೆಟ್ಟನ್ನೂ ಬಿಚ್ಚಿಸಿದೆ. ಬಿಸಿಲಿಗೆ ಹಿಡಿದು ಒಂದು ಕಣ್ಣು ಮುಚ್ಚಿ ನೋಡಿದೆ. ತೂತು ಗುಂಡಗಿರಲಿಲ್ಲ. ಎಳ್ಳಿನ ಹಾಗೆ ಒಂದು ಕಡೆ ಚೂಪು. ನನಗಿಂತ ಮುಂಚೆ ಯಾರೋ ಪಿನ್ ಹಾಕಿಯಾಗಿತ್ತು.